ಹೊತ್ತು ಮುಳುಗೋ ಮುಂಚಿನ ಊಟ

ಎಪ್ಪತ್ತೊಂಬತ್ತನೇ ಇಸವಿ. ಮೃಗಶಿರ ಮಳೆ ಆಗತಾನೆ ಹಿಡಿದಿತ್ತು. ಸುರಿಯುವ ಮಳೆಯಲ್ಲ; ಬೆಳಗಿನಿಂದ ಜಿನುಗಿ ಜಿನುಗಿ ಹೆಂಚಿನ ಅಂಚಲ್ಲಿ ತೊಟ್ಟಿಕ್ಕುತ್ತಾ ಇದ್ದ ಮಳೆ. ಸಂಜೆ ಆಗುತ್ತಾ ಬಂದಿತ್ತು, ಆದರೆ ಹೊತ್ತು ಎಷ್ಟು ಇಳಿದಿದೆ ಅಂತ ಹೇಳೋಕೆ ಸೂರ್ಯನೇ ಕಣ್ಣಿಗೆ ಬಿದ್ದಿರಲಿಲ್ಲ. ಬಸ್ತಿಹಳ್ಳಿಯ ಪ್ರಭಾಚಂದ್ರನ ಮನೆಯಲ್ಲಿ ಮೋಡದ ದಿನಕ್ಕೆ ಬೇರೆಯದೇ ಲೆಕ್ಕ. ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತಿಡದ ಜೈನರು. ಹೊತ್ತೇ ಕಾಣದ ದಿನ ಯಾವ ಧೈರ್ಯದ ಮೇಲೆ ಕಾಯುವುದು? ಅಂಥ ದಿನ ಅವನ ತಾಯಿ ಶೀಲಾವತಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತು, ಅಂಗಳದ ಬೆಳಕನ್ನು ಕಣ್ಣಲ್ಲೇ ಅಳೆದು "ಎಲೆ ಹಾಕು" ಅಂದರೆ ಮುಗಿಯಿತು. ಆ ಮನೆಗೆ ಅದೇ ಗಡಿಯಾರ.

ಅವತ್ತೂ ಹಾಗೇ ಅಂದರು. ಸೊಸೆ ಯಶೋಧಾ ಎಲೆ ಹಾಕಿದಳು. ಮಗ ಕೂತ. ಮೊಮ್ಮಗಳು ಕಾಂಚನಮಾಲಾ ಅಜ್ಜಿಯ ಪಕ್ಕದಲ್ಲಿ ಕೂತಳು. ಎರಡು ತುತ್ತು ತಿಂದು ಹೇಳಿದಳು:

"ಅಜ್ಜಿ, ಮೈಸೂರಿಗೆ ಅರ್ಜಿ ತಂದಿದ್ದೀನಿ. ಬಿಎಸ್ಸಿಗೆ."

ಬಡಿಸುತ್ತಿದ್ದ ಯಶೋಧಾಳ ಕೈ ಹಾಗೇ ನಿಂತಿತು. ಮಗಳು ಬೇಲೂರಿನಲ್ಲಿ ಪಿಯುಸಿ ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದು ಊರಿಗೆಲ್ಲಾ ಗೊತ್ತಿತ್ತು. ದಿನಾ ಬೆಳಿಗ್ಗೆ ಹಳೇಬೀಡಿಗೆ ನಡೆದು ಬಸ್ಸು ಹಿಡಿದು ಹೋಗಿ, ಹೊತ್ತು ಮುಳುಗೋದರೊಳಗೆ ಓಡಿ ಬಂದು ಉಂಡು ಓದಿದ ಹುಡುಗಿ. ಬಸ್ಸು ತಡವಾದ ದಿನ ಹಸಿದುಕೊಂಡೇ ಮಲಗಿದ ಹುಡುಗಿ. ಅದನ್ನು ಯಾರೂ ಹೊಗಳಿರಲಿಲ್ಲ; ಆ ಮನೆಯಲ್ಲಿ ಅದು ಹೊಗಳುವಂಥದ್ದಲ್ಲ.

ಶೀಲಾವತಮ್ಮ ಕತ್ತೆತ್ತಲಿಲ್ಲ. "ಎಲ್ಲಿರ್ತೀಯೆ ಅಲ್ಲಿ?" ಅಂದರು, ಬೆಳೆ ಹೆಂಗೈತೆ ಅಂತ ಕೇಳೋ ಹಾಗೆ.

"ಹಾಸ್ಟೆಲಲ್ಲಿ."

"ಹೂಂ" ಅಂದರು ಶೀಲಾವತಮ್ಮ. "ಇನ್ನೊಂಚೂರು ಅನ್ನ ಹಾಕಿಸ್ಕೊ. ಬೆಳಕು ಹೋಗ್ತೈತೆ."

ಯಶೋಧಾ ಆ ಮನೆಗೆ ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಅತ್ತೆ ಕೂಗಾಡುವ ಅತ್ತೆಯಲ್ಲ. ಕೈ ಎತ್ತಿದವರಲ್ಲ, ಕೆಟ್ಟ ಮಾತು ಆಡಿದವರಲ್ಲ. ಅವರ ದಾರಿಯೇ ಬೇರೆ. ಯಶೋಧಾಳ ತಮ್ಮ ಒಂದು ಸಲ ಬಂದಾಗ ಹಿತ್ತಲಲ್ಲಿ ಬೀಡಿ ಸೇದಿದ. ಅತ್ತೆ ಅವನಿಗೆ ಒಂದು ಮಾತೂ ಅನ್ನಲಿಲ್ಲ, ಹೋಳಿಗೆ ಮಾಡಿಸಿ ಬಡಿಸಿದರು. ಮಾರನೆಯ ದಿನದಿಂದ ತಾವು ಬೆಲ್ಲ ಬಿಟ್ಟರು. ರಸತ್ಯಾಗ ಅಂತ ಅವರ ಮತದಲ್ಲಿ ಇರುವುದೇ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು, ಈ ಆರು ರಸದಲ್ಲಿ ಯಾವುದಾದರೂ ಒಂದನ್ನು ಇಷ್ಟು ದಿನಕ್ಕೆ ಅಂತ ಬಿಡೋದು. ಮನಸ್ಸು ಹದಕ್ಕೆ ಬರಲಿ, ನಾಲಗೆ ಹತೋಟಿಗೆ ಬರಲಿ ಅಂತ ಹಿರಿಯರು ಮಾಡಿಟ್ಟದ್ದು. ಶೀಲಾವತಮ್ಮ ಎಷ್ಟು ದಿನಕ್ಕೆ ಅಂತ ಹೇಳುತ್ತಿರಲಿಲ್ಲ. ಕೇಳಿದರೆ "ಮನಸ್ಸಿಗೆ ಸಮಾಧಾನ ಆಗೋವರೆಗೆ" ಅನ್ನೋರು. ಯಶೋಧಾಳ ತಮ್ಮ ಅಕ್ಕನ ಮನೆಗೆ ಬರೋದು ನಿಲ್ಲಿಸಿದ. ಅತ್ತೆಗೆ ಸಮಾಧಾನ ಆಯಿತು. ಬೆಲ್ಲ ತಿಂದರು.

ಹಾಗಾಗಿ ಆ ಸಂಜೆ ಅತ್ತೆ ಸುಮ್ಮನೆ ಉಂಡು ಎದ್ದದ್ದು ನೋಡಿ ಯಶೋಧಾ, ಈ ಸಲ ಏನು ಬಿಡುತ್ತಾರೋ ಅಂದುಕೊಂಡಳು.

ಅರ್ಜಿ ತಂದುಕೊಟ್ಟವರು ಬೇಲೂರಿನ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ಸುಬ್ಬರಾಮಯ್ಯ. ಮಾರನೆಯ ದಿನ ಮಧ್ಯಾಹ್ನ ಯಶೋಧಾ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಕಾಂಚನ ಮಣೆಯ ಮೇಲೆ ಕಾಗದ ಹರಡಿಕೊಂಡಿದ್ದಳು.

"ಅಮ್ಮ, ಎರಡು ಹಾಸ್ಟೆಲಿದೆ. ಮೊದಲು ಯಾವುದು ಬೇಕೋ ಅದನ್ನ ಬರೀಬೇಕು. ಒಂದು ಹೊಸ ಬಿಲ್ಡಿಂಗು. ನಲ್ಲಿ ನೀರು, ಒಬ್ಬೊಬ್ಬರಿಗೆ ಒಂದೊಂದು ಮೇಜು, ಓದೋಕೆ ಬೇರೆ ರೂಮು."

"ಇನ್ನೊಂದು?"

"ಹಳೇದು. ಹೆಂಚಿನ ಮನೆ. ಬಾವಿ ಸೇದಬೇಕು. ಮೇಲೆ ಬಾವಲಿ ಇದಾವಂತೆ, ರಾತ್ರಿ ಹಾಸಿಗೆ ಮೇಲೆ ಗಲೀಜು ಮಾಡ್ತಾವಂತೆ. ಮೇಷ್ಟ್ರ ಅಕ್ಕನ ಮಗಳು ಅಲ್ಲೇ ಇರೋದು."

"ಮತ್ತೆ ಹೊಸದೇ ಬರಿಯಮ್ಮಣ್ಣಿ."

ಕಾಂಚನ ನಕ್ಕಳು. "ಹೊಸದರಲ್ಲಿ ರಾತ್ರಿ ಎಂಟಕ್ಕೆ ಊಟ. ಊರಾಚೆ ಬೇರೆ, ಬಸ್ಸಲ್ಲಿ ಹೋಗ್ಬೇಕು. ಪ್ರಾಕ್ಟಿಕಲ್ಲು ಐದಕ್ಕೆ ಬಿಡ್ತಾರೆ. ಹಳೇದು ಲ್ಯಾಬಿನ ಹಿಂದೇನೇ. ಕೇಳಿಕೊಂಡ ಹುಡುಗೀರಿಗೆ ಅಡುಗೆಯವಳು ಐದೂವರೆಗೇ ತಟ್ಟೆ ಕೊಡ್ತಾಳಂತೆ. ಮಾರ್ಗಶಿರದಲ್ಲೂ ಅಷ್ಟೊತ್ತಿಗೆ ಬೆಳಕಿರುತ್ತಲ್ಲ?"

"ಇರುತ್ತೆ."

"ಮತ್ತೆ ಬಾವಲಿ ಇದ್ರೆ ಇರಲಿ ಬಿಡು." ಹಳೆಯ ಹಾಸ್ಟೆಲಿನ ಹೆಸರನ್ನೇ ಮೊದಲು ಬರೆದಳು.

ಯಶೋಧಾ ತಲೆ ಬಗ್ಗಿಸಿ ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕಿದಳು. ಕಣ್ಣು ಮಂಜಾಗಿತ್ತು. ಸುಖ ನೋಡದೆ, ಊಟದ ಹೊತ್ತು ನೋಡಿ ಇರೋ ಜಾಗ ಆರಿಸಿದಳಲ್ಲ ನನ್ನ ಮಗಳು, ಇದಕ್ಕಿಂತ ಇನ್ನೇನು ಬೇಕು ಅತ್ತೆಗೆ ಅಂದುಕೊಂಡಳು. ಅತ್ತೆಗೂ ಇದನ್ನೇ ಹೇಳಿದರಾಯಿತು, ಒಪ್ಪುತ್ತಾರೆ ಅಂದುಕೊಂಡಳು.

ತಾಯಿ ಮಗಳು ಇಬ್ಬರೂ ಹೇಳಿದರು. ಶೀಲಾವತಮ್ಮ ಕೇಳಿಸಿಕೊಂಡರು.

"ಐದೂವರೆಗೆ ಹಾಕ್ತಾಳೆ ಸರಿ. ಸೌಟು ಒಂದೇ ಅಲ್ವೇನೆ? ಈರುಳ್ಳಿ ಆಲೂಗಡ್ಡೆ ತಿರುವಿದ ಸೌಟಲ್ಲೇ ನಿನ್ನ ತಟ್ಟೆಗೂ ಹಾಕ್ತಾಳೆ."

"ನಾನು ನಂದೇ ಸೌಟು ತಗೊಂಡು ಹೋಗ್ತೀನಿ ಅಜ್ಜಿ."

ಪ್ರಭಾಚಂದ್ರ ಜೋರಾಗಿ ನಕ್ಕುಬಿಟ್ಟ. ಅವನು ಹಳೇಬೀಡಿನಲ್ಲಿ ದಿನಸಿ ಅಂಗಡಿ ಇಟ್ಟವನು, ಕೊಬ್ಬರಿ ವ್ಯಾಪಾರಕ್ಕೆ ಅರಸೀಕೆರೆಗೆ ಓಡಾಡುವವನು. ಮಗಳು ಅಂದರೆ ಪ್ರಾಣ, ತಾಯಿ ಅಂದರೆ ಭಯ. ಎರಡರ ನಡುವೆ ನಗೋದೊಂದೇ ಅವನಿಗೆ ಗೊತ್ತಿದ್ದ ದಾರಿ. "ಸೌಟು ಅರಸೀಕೆರೆಯಿಂದ ನಾನು ತತ್ತೀನಿ ಬಿಡಮ್ಮ" ಅಂದ.

ಶೀಲಾವತಮ್ಮನೂ ನಕ್ಕರು. "ಹುಬ್ಬಳ್ಳಿ ಕಡೆ ನಮ್ಮ ಹೆಣ್ಣುಮಕ್ಕಳ ಆಶ್ರಮ ಐತೆ. ಬಿಳೀ ಸೀರೆ, ಶಾಸ್ತ್ರದ ಓದು, ಹೊತ್ತಿಗೆ ಸರಿಯಾಗಿ ಊಟ. ಅಲ್ಲಿಗಾದ್ರೆ ಸೌಟು ಹೊರೋ ಕಷ್ಟ ಇರಲಿಲ್ಲ" ಅಂದರು. ಅಷ್ಟೇ. ಇನ್ನೊಂದು ಸಲ ಆ ಮಾತೆತ್ತಲಿಲ್ಲ.

ಅರ್ಜಿ ಟಪಾಲಿಗೆ ಬಿದ್ದ ದಿನ ಸಂಜೆ ಎಲೆಯ ಮುಂದೆ ಕೂತು, ಸಾರು ತಂದ ಸೊಸೆಗೆ ಕೈ ಅಡ್ಡ ಹಿಡಿದರು. "ಬೇಡ ಯಶೋಧಾ. ಇವತ್ತಿನಿಂದ ನಾನು ಉಪ್ಪು ಬಿಟ್ಟೆ."

ಯಾಕೆ ಅಂತ ಯಾರೂ ಕೇಳಲಿಲ್ಲ. ಎಷ್ಟು ದಿನ ಅಂತಲೂ ಕೇಳಲಿಲ್ಲ.

ಕಾಲೇಜಿಗೆ ಬೇಕಾದ ಸರ್ಟಿಫಿಕೇಟು ತರಲು ಕಾಂಚನ ಬೇಲೂರಿಗೆ ಹೋಗಿ ಬಂದ ದಿನ ಬೆಲ್ಲ ಹೋಯಿತು. ಮೈಸೂರಿಗೆ ಅಂತ ಎರಡು ಸೀರೆ ತಂದ ದಿನ ಎಣ್ಣೆ ಹೋಯಿತು. ಬಸ್ತಿಹಳ್ಳಿ ಚಿಕ್ಕ ಊರು. ಬಸದಿಗೆ ಬರುವ ನಾಲ್ಕು ಮನೆ ಹೆಂಗಸರ ಬಾಯಲ್ಲಿ ವಿಷಯ ಹಬ್ಬೋಕೆ ಎಷ್ಟು ಹೊತ್ತು? ಅಭಿಷೇಕ ಮುಗಿಸಿ ಬಂದವರು ಶೀಲಾವತಮ್ಮನ ಕಾಲಿಗೆ ನಮಸ್ಕಾರ ಮಾಡೋಕೆ ಶುರು ಮಾಡಿದರು. "ಈ ವಯಸ್ಸಲ್ಲಿ ಇಂಥ ತ್ಯಾಗ!" ಅನ್ನೋರು. ಶೀಲಾವತಮ್ಮ, "ನಂದೇನೈತೆ ಕಣ್ರಮ್ಮ, ವಯಸ್ಸಾಯ್ತು, ಒಂದೊಂದೇ ಬಿಡ್ತಾ ಹೋಗ್ಬೇಕು" ಅಂತ ಮೊಮ್ಮಗಳ ಕಡೆ ನೋಡೋರು. ಬಂದವರೂ ಅವರ ಕಣ್ಣಿನ ಹಿಂದೆಯೇ ಹುಡುಗಿಯ ಕಡೆ ತಿರುಗೋರು.

ಒಂದು ಬೆಳಿಗ್ಗೆ ಕಾಂಚನ ಕೇಳಿಯೇಬಿಟ್ಟಳು. "ಅಜ್ಜಿ, ಆರೂ ರಸ ಮುಗಿದ ಮೇಲೆ ಇನ್ನೇನು ಬಿಡ್ತೀರಿ?"

"ಉಸಿರು ಐತಲ್ಲ" ಅಂದರು ಅಜ್ಜಿ, ಮೊಮ್ಮಗಳ ಕೆನ್ನೆ ಸವರಿ.

ಬಸದಿಯ ಉಸ್ತುವಾರಿ ನೋಡುತ್ತಿದ್ದವನು ಪದ್ಮಣ್ಣ. ಪ್ರಭಾಚಂದ್ರನ ದೊಡ್ಡಪ್ಪನ ಮಗ. ವಯಸ್ಸಿನಲ್ಲೂ ಜಮೀನಿನಲ್ಲೂ ಮಾತಿನಲ್ಲೂ ದೊಡ್ಡವನು. ಅವನು ಜಗಲಿಯ ಮೇಲೆ ಕೂತು ಕಾಂಚನಳನ್ನು ಕರೆದ.

"ಏನಮ್ಮಣ್ಣಿ, ಅಜ್ಜಿ ಜೀವ ತೆಗೆದು ಡಿಗ್ರಿ ತಗೋಬೇಕು ಅಂತಿದ್ದೀಯಂತೆ?"

"ನಿಮ್ಮ ಮಗ ಬೆಂಗಳೂರಲ್ಲಿ ಓದೋವಾಗ ಅಜ್ಜಿ ಚೆನ್ನಾಗಿ ಉಂಡ್ಕೊಂಡೇ ಇದ್ರಲ್ಲ ದೊಡ್ಡಪ್ಪ."

"ಅವನು ಗಂಡು ಕಣೇ."

"ಗಂಡಸರಿಗೆ ಹೊತ್ತು ಮುಳುಗಲ್ವಾ?"

ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಯಶೋಧಾಳಿಗೆ ನಗು ಬಂತು, ಸೆರಗು ಬಾಯಿಗೆ ತುರುಕಿಕೊಂಡಳು. ಹೊರಗೆ ಪದ್ಮಣ್ಣನಿಗೆ ನಗು ಬರಲಿಲ್ಲ. ಅವನು ಎದ್ದು ಚಪ್ಪಲಿ ಮೆಟ್ಟುತ್ತಾ, "ಪ್ರಭಾ, ನಿನ್ನ ಮಗಳ ನಾಲಗೆಗೆ ಉಪ್ಪು ಜಾಸ್ತಿ ಆಗೈತೆ. ನಿಮ್ಮಮ್ಮ ಬಿಟ್ಟಿದ್ದು ಅಲ್ಲಿಗೆ ಹೋಗಿ ಸೇರೈತೆ" ಅಂದು ಹೋದ.

ಆರಿದ್ರಾ ಮಳೆ ಕಳೆಯುವ ಹೊತ್ತಿಗೆ ಸುಬ್ಬರಾಮಯ್ಯ ಮೇಷ್ಟ್ರು ತಾವೇ ಬೇಲೂರಿಂದ ಬಂದರು. ಕೊಡೆ ಮಡಚಿ ಬಾಗಿಲಲ್ಲೇ ನಿಂತು ಹೇಳಿದರು: "ಯಶೋಧಮ್ಮ, ಸೀಟು ಸಿಕ್ತು. ಹಾಸ್ಟೆಲೂ ಸಿಕ್ತು, ಅವಳು ಕೇಳಿದ್ದೇ. ಹದಿನಾರನೇ ತಾರೀಕು ಸೋಮವಾರದೊಳಗೆ ಹೋಗಿ ಸೇರ್ಕೋಬೇಕು. ತಡ ಮಾಡಿದ್ರೆ ಪಟ್ಟಿಯಲ್ಲಿ ಹಿಂದಿರೋರಿಗೆ ಹೋಗ್ಬಿಡುತ್ತೆ." ಪ್ರಭಾಚಂದ್ರ ಅರಸೀಕೆರೆಯಿಂದ ಹಿತ್ತಾಳೆ ಸೌಟು ತಂದ. ಟ್ರಂಕು ಬಂತು. ಯಶೋಧಾ ನೀರು ಸೋಸೋ ಬಟ್ಟೆ ಹೊಲಿದಳು, ಹುರಿಹಿಟ್ಟು ಮಾಡಿದಳು. ಶೀಲಾವತಮ್ಮ ಹಾಲು, ಮೊಸರು, ತುಪ್ಪ ಮೂರನ್ನೂ ಒಂದೇ ಸಲಕ್ಕೆ ಬಿಟ್ಟು, ಎರಡು ಹೊತ್ತೂ ಸಪ್ಪೆ ಗಂಜಿಗೆ ಇಳಿದರು.

ನಾಲ್ಕೇ ದಿನ. ಐದನೆಯ ಬೆಳಿಗ್ಗೆ ಬಸದಿಯ ಮೆಟ್ಟಿಲ ಮೇಲೆ ತಲೆ ಸುತ್ತಿ ಕುಸಿದರು. ಎತ್ತಿಕೊಂಡು ಬಂದು ಮಲಗಿಸಿದರು. ಮೈ ಎಲೆಯ ಹಾಗೆ ಹಗುರವಾಗಿತ್ತು. ಊರು ಅಂಗಳದಲ್ಲಿ ಸೇರಿತು. ಯಾರೋ ಹೆಂಗಸು ಕಾಂಚನಳಿಗೆ ಕೇಳಿಸುವ ಹಾಗೇ ಅಂದಳು: "ಮುದುಕಿ ಹೆಣ ದಾಟ್ಕೊಂಡು ಹೋಗ್ತಾಳೆ ನೋಡ್ತಿರಿ ಕಾಲೇಜಿಗೆ."

ಪ್ರಭಾಚಂದ್ರ ಆವತ್ತು ನಗಲಿಲ್ಲ. ಅಂಗಡಿಗೆ ಹೊರಟವನು ಅಡುಗೆಮನೆ ಬಾಗಿಲಿಗೆ ಬಂದು, ಹೆಂಡತಿಯ ಮುಖ ನೋಡದೆ ಹೇಳಿದ: "ಅಮ್ಮ ಇನ್ನೊಂದು ಸಲ ಬಿದ್ರೆ ಹುಡುಗಿ ಹೋಗೋದು ಬೇಡ. ಅಷ್ಟೇ ಕಣೇ. ನನ್ನ ಕೈಲಿ ಆಗಲ್ಲ."

ಯಶೋಧಾ ಒಲೆಯ ಮುಂದೆ ಕೂತು ಯೋಚನೆ ಮಾಡಿದಳು. ಸೋಮವಾರದ ತನಕ ಅತ್ತೆ ಬೀಳಬಾರದು. ಅಷ್ಟು ದಿನ ಅತ್ತೆ ಕಾಲ ಮೇಲೆ ನಿಂತರೆ ಮಗಳು ಮೈಸೂರು ಸೇರುತ್ತಾಳೆ. ಆಮೇಲೆ ಏನಾದರೂ ಆಗಲಿ, ನನಗೇ ಆಗಲಿ.

ಹಿಂದಿನ ಬೀದಿಯಲ್ಲಿ ಚೆಲುವಾಂಬ ಅಂತ ಬ್ರಾಹ್ಮಣರ ಹೆಂಗಸು. ಗಂಡ ಗೋಪಾಲಸ್ವಾಮಿ ತಾಲೂಕು ಕಛೇರಿಯ ಗುಮಾಸ್ತ. ಅತ್ತೆಯನ್ನು ನೋಡೋಕೆ ಬಂದಿದ್ದವಳು ಹೊರಡುವಾಗ ಯಶೋಧಾಳ ಕಿವಿಯಲ್ಲಿ ಹೇಳಿದ್ದಳು: "ಉಪ್ಪಿಲ್ಲದೆ ಹೀಗೇ ಬಿಟ್ರೆ ನರ ಬಿದ್ದೋಗುತ್ತೆ ಕಣ್ರೀ. ನಮ್ಮಲ್ಲಿ ಏಕಾದಶಿ ದಿನಾನೂ ಸೈಂಧವ ನಡೆಯುತ್ತೆ. ಅದು ಉಪ್ಪಿನ ಲೆಕ್ಕಕ್ಕೇ ಬರಲ್ಲ." ಆ ಮಾತು ಯಶೋಧಾಳ ತಲೆಯಲ್ಲಿ ಕೂತಿತು. ತಮ್ಮ ಮತದಲ್ಲಿ ಉಪ್ಪು ಬಿಟ್ಟರೆ ಎಲ್ಲ ಉಪ್ಪನ್ನೂ ಬಿಟ್ಟ ಹಾಗೆ, ಸಮುದ್ರದ್ದಾಗಲಿ ಬೆಟ್ಟದ್ದಾಗಲಿ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಯಾರದೋ ದೇವರು ಒಪ್ಪಿದ ಉಪ್ಪು ಅಂದ ಮೇಲೆ ಪಾಪವೂ ಅರ್ಧ ಇರಬೇಕು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಮುಳುಗೋರಿಗೆ ಹುಲ್ಲುಕಡ್ಡಿಯೂ ಆಸರೆ.

"ಕಾಂಚನ, ನಂಗೆ ಹೊಟ್ಟೆ ಉಬ್ಬರಿಸೈತೆ. ಚೆಲುವಾಂಬನೋರ ಮನೆಗೆ ಹೋಗಿ ಒಂಚೂರು ಸೈಂಧವ ಈಸ್ಕೊಂಡು ಬಾ."

ಹುಡುಗಿ ಓಡಿ ಹೋಗಿ ಕಾಗದದಲ್ಲಿ ಸುತ್ತಿದ ಕೆಂಪು ಹರಳು ತಂದು ಕೊಟ್ಟಳು. "ಶುಂಠಿ ಜೊತೆ ತಗೋಬೇಕಂತೆ ಅಮ್ಮ" ಅಂದಳು.

ಯಶೋಧಾ ಅದನ್ನು ಕುಟ್ಟಿ, ಆ ಸಂಜೆಯ ಗಂಜಿಗೆ ಒಂದು ಚಿಟಿಕೆ ಹಾಕಿದಳು. ಅತ್ತೆ ಬಟ್ಟಲು ಎತ್ತಿ, ಒಂದು ಗುಟುಕು ಕುಡಿದು, ಅರೆಗಳಿಗೆ ತಡೆದು, ಉಳಿದದ್ದನ್ನೂ ಕುಡಿದರು. ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡರು. ಏನೂ ಅನ್ನಲಿಲ್ಲ.

ಮಾರನೆಯ ದಿನವೂ ಅನ್ನಲಿಲ್ಲ. ಅದರ ಮಾರನೆಯ ದಿನವೂ. ಮುಖಕ್ಕೆ ಬಣ್ಣ ಬಂತು. ತಾವೇ ಎದ್ದು ಬಸದಿಗೆ ನಡೆದುಹೋದರು. ಬರುವಾಗ ಹಿಂದಿನ ಬೀದಿಯಲ್ಲಿ ಸುತ್ತಿಕೊಂಡೂ ಬಂದರು. ಯಶೋಧಾಳಿಗೆ ಉಸಿರು ಬಂತು. ಮುದುಕಿ ನಾಲಗೆಗೆ ತಿಳಿಯಲಿಲ್ಲ ಅಂದುಕೊಂಡಳು. ಉಪ್ಪು ಬಿಟ್ಟ ನಾಲಗೆಗೆ ಒಂದು ಹರಳು ಉಪ್ಪು ಗುಡುಗಿದ ಹಾಗೆ ಅಂತ ಯಾರಾದರೂ ಅವಳಿಗೆ ಹೇಳಬೇಕಾಗಿತ್ತು. ಹೇಳುವವರು ಯಾರೂ ಇರಲಿಲ್ಲ.

ಆಷಾಢದ ಹುಣ್ಣಿಮೆ ಆಗಿ ಮಾರನೆಯ ದಿನ. ಚಾತುರ್ಮಾಸ ಹಿಡಿದಿತ್ತು. ಟ್ರಂಕಿಗೆ ಬೀಗ ಸಿಕ್ಕಿಸುವುದೊಂದು ಬಾಕಿ. ಶೀಲಾವತಮ್ಮ, "ಪದ್ಮಣ್ಣನಿಗೂ ಇವತ್ತು ನಮ್ಮಲ್ಲೇ ಊಟ ಅಂತ ಹೇಳಿ ಕಳಿಸು. ಹುಡುಗಿ ಹೊರಡ್ತಾಳೆ, ದೊಡ್ಡವರು ಒಬ್ಬರು ಇರಲಿ" ಅಂದರು. ಪ್ರಭಾಚಂದ್ರನ ಮುಖ ಅರಳಿತು. ಯಶೋಧಾ ಕೋಸಂಬರಿ, ಪಾಯಸ ಮಾಡಿದಳು. ಅತ್ತೆ ಒಪ್ಪಿದರು ಅಂತಲೇ ತಿಳಿದಳು.

ಆವತ್ತು ಮೋಡ ಹರಿದಿತ್ತು. ಪಡುವಣ ಬಿಸಿಲು ಅಂಗಳ ದಾಟಿ ನಡುಮನೆಯ ಕಂಬದ ತನಕ ಬಿದ್ದಿತ್ತು. ಎಲ್ಲರೂ ಕೂತರು. ಬಡಿಸಿ ಆಯಿತು. ಯಶೋಧಾ ಅತ್ತೆಯ ಮುಂದೆ ಗಂಜಿ ಬಟ್ಟಲು ಇಟ್ಟಳು. ಶೀಲಾವತಮ್ಮ ಅದನ್ನು ಮುಟ್ಟದೆ, ಬೆರಳ ತುದಿಯಲ್ಲಿ ಪದ್ಮಣ್ಣನ ಕಡೆಗೆ ತಳ್ಳಿದರು.

"ಪದ್ಮಣ್ಣ, ನಾನಿನ್ನೂ ಮುಟ್ಟಿಲ್ಲ, ಎಂಜಲಲ್ಲ. ಒಂದು ಬೆರಳು ಅದ್ದಿ ನಾಲಗೆ ಮೇಲಿಟ್ಟು ನೋಡು."

ಪದ್ಮಣ್ಣ ನೋಡಿದ. ಹುಬ್ಬು ಗಂಟಾಯಿತು. "ಚಿಕ್ಕಮ್ಮ! ಉಪ್ಪೈತೆ ಇದರಲ್ಲಿ!"

"ಐತಾ?" ಅಂದರು ಶೀಲಾವತಮ್ಮ. "ನಂಗೂ ಹಂಗೇ ಅನ್ನಿಸ್ತು. ವಯಸ್ಸಾದ ನಾಲಗೆ, ನಂಬಬಾರದು ಅಂತ ನಿನ್ನ ಕರೆಸಿದೆ. ನಮ್ಮನೆ ಉಪ್ಪಲ್ಲ ಇದು, ಸೈಂಧವ. ಚೆಲುವಾಂಬನ್ನ ಕೇಳ್ದೆ. ಪಾಪ, ಅವಳಿಗೇನು ಗೊತ್ತು, 'ನಿಮ್ಮ ಮೊಮ್ಮಗಳೇ ಬಂದು ಈಸ್ಕೊಂಡು ಹೋದ್ಲಲ್ಲ' ಅಂದ್ಲು."

ಎಲ್ಲರ ಕಣ್ಣೂ ಕಾಂಚನಳ ಮೇಲೆ ಬಿತ್ತು.

"ನೀನೇ ತಂದ್ಯೇನೆ?" ಅಂತ ಕೇಳಿದ ಪ್ರಭಾಚಂದ್ರ.

"ಹೂಂ ಅಪ್ಪ, ತಂದೆ. ಅಮ್ಮನಿಗೆ ಹೊಟ್ಟೆ…" ಅಂತ ಶುರು ಮಾಡಿದವಳು ಅಲ್ಲೇ ನಿಲ್ಲಿಸಿದಳು. ನಿಧಾನವಾಗಿ ಕತ್ತು ತಿರುಗಿಸಿ ತಾಯಿಯ ಕಡೆ ನೋಡಿದಳು. ಜಾಣೆ ಹುಡುಗಿ. ಅಷ್ಟರಲ್ಲೇ ಎಲ್ಲಾ ತಿಳಿದುಹೋಯಿತು.

ಯಶೋಧಾ ಬಾಯಿ ತೆರೆದಳು. ಅಷ್ಟರಲ್ಲಿ ಶೀಲಾವತಮ್ಮ ಕೈ ಎತ್ತಿದರು.

"ಯಶೋಧಾ ಹೆಸರು ಯಾರೂ ತರಬೇಡಿ. ಇಪ್ಪತ್ತೊಂದು ವರ್ಷ ನಂಗೆ ಬೇಯಿಸಿ ಹಾಕಿದ ಕೈ ಅದು. ನನ್ನ ಹೊಟ್ಟೇಲಿ ಹೆಣ್ಣು ಹುಟ್ಟಿದ್ರೂ ಇಷ್ಟು ನೋಡ್ಕೊತಿರಲಿಲ್ಲ. ಪದ್ಮಣ್ಣ, ಇವತ್ತು ನಿನ್ನ ಮುಂದೆ ಹೇಳ್ತೀನಿ, ನಾಳೆ ಮುನಿಗಳು ಈ ಊರಿಗೆ ಬಂದ್ರೆ ಅವರಿಗೆ ಆಹಾರ ಕೊಡೋ ಯೋಗ್ಯತೆ ಇರೋ ಕೈ ಅಂದ್ರೆ ಇದೊಂದೇ. ಆ ಕೈ ನನ್ನ ವ್ರತ ಕೆಡಿಸುತ್ತಾ? ಹೇಳು ಯಶೋಧಾ, ಕೆಡಿಸುತ್ತಾ?"

ಇಪ್ಪತ್ತೊಂದು ವರ್ಷದಲ್ಲಿ ಅತ್ತೆ ಅವಳ ಒಂದು ಸಾರನ್ನೂ ಚೆನ್ನಾಗಿದೆ ಅಂದವರಲ್ಲ. ಒಲೆಯ ಹೊಗೆ ಕುಡಿದು, ಒದ್ದೆ ಸೀರೆಯಲ್ಲಿ ಮಡಿ ಅಡುಗೆ ಮಾಡಿ, ಒಂದು ಒಳ್ಳೆ ಮಾತಿಗೆ ಬಾಯಿ ಬಿಟ್ಟುಕೊಂಡು ಕಾದವಳು ಅವಳು. ಅದು ಈಗ ಬಂತು, ಹತ್ತಿರದವರೆಲ್ಲ ಕೂತಿರುವಾಗ, ಗಂಡ ನೋಡುತ್ತಿರುವಾಗ. "ನಾನೇ ಹಾಕಿದ್ದು" ಅಂದರೆ ಆ ಕೈ ಇಲ್ಲ, ಆ ಒಲೆಯೂ ಇಲ್ಲ, ಬಸದಿಯಲ್ಲಿ ಹೆಂಗಸರ ಸಾಲಿನಲ್ಲಿ ಜಾಗವೂ ಇಲ್ಲ. ಒಂದೇ ಮಾತು ಸಾಕಿತ್ತು. ಯಶೋಧಾ ಆ ಮಾತನ್ನು ಹುಡುಕಿದಳು, ಹುಡುಕುತ್ತಲೇ ನಿಂತಳು.

ಬಿಸಿಲು ಕಂಬದಿಂದ ಹಿಂದೆ ಸರಿಯಿತು. ಹೊಸಿಲು ದಾಟಿತು. ಅಂಗಳದ ಗೋಡೆ ಏರಿತು. ಎಲೆಯ ಮೇಲೆ ಪಾಯಸ ಆರಿ ಕೆನೆ ಕಟ್ಟಿತು. ಯಾರೂ ಕೈ ಹಾಕಲಿಲ್ಲ. ಕಾಂಚನ ತಾಯಿಯ ಮುಖದಿಂದ ಕಣ್ಣು ತೆಗೆಯಲಿಲ್ಲ, ಕಾಯುವಷ್ಟೂ ಕಾದಳು. ಗೋಡೆಯ ಮೇಲಿನ ಕೊನೆಯ ಬೆಳಕು ಆರಿದ ಮೇಲೆ ಅಜ್ಜಿಯ ಕಡೆ ತಿರುಗಿದಳು.

"ಹೂಂ. ನಾನೇ ಹಾಕ್ದೆ" ಅಂದಳು.

ಹೊತ್ತು ಮುಳುಗಿತ್ತು. ಬಡಿಸಿದ ಊಟ ಬಡಿಸಿದ ಹಾಗೇ ಉಳಿಯಿತು. ಎಲ್ಲರೂ ಹಸಿದು ಎದ್ದರು.

ಪದ್ಮಣ್ಣ ಕುಣಿದಾಡಿದ. ಸ್ವಂತ ಅಜ್ಜಿಯ ವ್ರತ ಕೆಡಿಸಿದವಳನ್ನು ಊರಲ್ಲಿ ಇಟ್ಟುಕೊಂಡರೆ ಸಮಾಜಕ್ಕೆ ಏನು ಹೇಳೋದು, ಮೈಸೂರಿಗೆ ಕಳಿಸಿದರೆ ಬಹುಮಾನ ಕೊಟ್ಟ ಹಾಗಲ್ಲವೇ ಅಂದ. ಪ್ರಭಾಚಂದ್ರ ಮಗಳ ಕೆನ್ನೆಗೆ ಹೊಡೆಯೋಕೆ ಎದ್ದ. ಹುಟ್ಟಿದಾಗಿನಿಂದ ಅವಳನ್ನು ಹೊಡೆದವನಲ್ಲ, ಎತ್ತಿದ ಕೈ ಏನು ಮಾಡಬೇಕು ಅಂತ ತಿಳಿಯದೆ ಗಾಳಿಯಲ್ಲೇ ನಿಂತಿತು. ತಡೆದದ್ದು ಶೀಲಾವತಮ್ಮನೇ.

"ಹೊಡೀಬೇಡ್ವೋ. ಚಿಕ್ಕ ಹುಡುಗಿ. ಓದ್ಬೇಕು ಅಂದ್ಲು, ಓದ್ಲಿ. ಆಶ್ರಮದಲ್ಲೂ ಓದಿಸ್ತಾರೆ. ಅಲ್ಲಿನ ತಾಯಂದಿರು ಒಳ್ಳೆಯವರು, ಪ್ರಾಯಶ್ಚಿತ್ತನೂ ಮಾಡಿಸ್ತಾರೆ. ಹೊತ್ತು ಮುಳುಗೋ ಮುಂಚೆ ಊಟನೂ ಹಾಕ್ತಾರೆ. ಇವಳು ಕೇಳಿದ್ದೂ ಅದನ್ನೇ ಅಲ್ವೇ?"

ಸುಬ್ಬರಾಮಯ್ಯ ಮೇಷ್ಟ್ರಿಗೆ ಹೇಳಿ ಕಳಿಸಿದರು. ಅವರು ಬರಲಿಲ್ಲ. ಹಳೆಯ ಹಾಸ್ಟೆಲಿನ ಜಾಗ ಪಟ್ಟಿಯಲ್ಲಿ ಹಿಂದಿದ್ದ ಯಾವಳೋ ಹುಡುಗಿಗೆ ಹೋಗುತ್ತೆ ಅಂತ ಹೇಳಿ ಕಳಿಸಿದರು, ಅಷ್ಟೇ.

ಎರಡು ದಿನ ಯಶೋಧಾ ಮಗಳ ಹಿಂದೆ ಸುತ್ತಿದಳು. ಬಾವಿಯ ಹತ್ತಿರ ಸಿಕ್ಕಿದಾಗ ಸೆರಗು ಹಿಡಿದು ಪಿಸುಗುಟ್ಟಿದಳು: "ಹೇಳ್ಬಿಡ್ತೀನಿ ಕಣೇ. ನಿಮ್ಮ ದೊಡ್ಡಪ್ಪನ ಮುಂದೆ, ನಿಮ್ಮಪ್ಪನ ಮುಂದೆ, ಎಲ್ಲರ ಮುಂದೆ ಹೇಳ್ಬಿಡ್ತೀನಿ."

ಕಾಂಚನ ಕೊಡಕ್ಕೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಯಾವಾಗಮ್ಮ?"

ಯಶೋಧಾ ಹಿಡಿದಿದ್ದ ಸೆರಗು ಬಿಟ್ಟಳು. ಕಾಂಚನ ಬಟ್ಟೆ ಹಿಂಡಿ, ಕೊಡ ಎತ್ತಿಕೊಂಡು ಒಳಗೆ ಹೋದಳು.

ಹೊರಡುವ ಬೆಳಿಗ್ಗೆ ಜಾವಗಲ್ ಮೇಲೆ ಅರಸೀಕೆರೆಗೆ ಹೋಗೋ ಬಸ್ಸಿಗೆ ಅಂತ ತಂದೆ, ತಾಯಿ, ಮಗಳು ಹಳೇಬೀಡಿಗೆ ನಡೆದರು. ಪ್ರಭಾಚಂದ್ರನ ತಲೆಯ ಮೇಲೆ ಟ್ರಂಕು. ಕಾಂಚನ ಅಜ್ಜಿಯ ಕಾಲು ಮುಟ್ಟಿ ಬಂದಿದ್ದಳು. ಅಜ್ಜಿ ಹಣೆ ಸವರಿ ಹರಸಿದ್ದರು. ಬಸ್ಸು ಬಂದಾಗ ಕಾಂಚನ ಟ್ರಂಕು ಕೆಳಗಿಳಿಸಿಕೊಂಡು ಬೀಗ ತೆಗೆದಳು. ಒಳಗಿಂದ ಹಿತ್ತಾಳೆ ಸೌಟು ತೆಗೆದು ತಾಯಿಯ ಕೈಗೆ ಕೊಟ್ಟಳು.

"ಇದು ಅಲ್ಲಿ ಬೇಕಾಗಲ್ಲ. ನೀನೇ ಇಟ್ಕೊ. ನಿನ್ನದು ಒಳ್ಳೇ ಕೈಯಲ್ವಾ."

ಕಂಡಕ್ಟರು ಸೀಟಿ ಊದಿದ. ಅವಳು ಕಿಟಕಿಯ ಹತ್ತಿರ ಕೂತರೂ ಹೊರಗೆ ನೋಡಲಿಲ್ಲ.

ಆ ಸಂಜೆ ಯಶೋಧಾ ಎಲೆ ಹಾಕಿದಳು, ಒಂದೇ ಎಲೆ. ಸಪ್ಪೆ ಗಂಜಿ ತಂದಿಟ್ಟಳು. ಶೀಲಾವತಮ್ಮ ಬಟ್ಟಲು ನೋಡಿ, ಅಂಗಳದ ಬೆಳಕು ನೋಡಿ ಹೇಳಿದರು:

"ಇದು ಬೇಡ. ಅನ್ನ ಸಾರು ಹಾಕು. ಇವತ್ತು ಮನಸ್ಸಿಗೆ ಸಮಾಧಾನ ಆಯ್ತು."

ಯಶೋಧಾ ಸಾರು ತಂದಳು. ಅತ್ತೆ ಕಲಸಿ ಒಂದು ತುತ್ತು ತಿಂದು ಕಣ್ಣು ಮುಚ್ಚಿದರು.

"ಸರಿಯಾಗೈತೆ. ನಮ್ಮನೆ ಕಲ್ಲುಪ್ಪೇ ಸರಿ ಕಣೇ, ಸೈಂಧವ ಬೇಡ. ಮೊದಲನೇ ಸಂಜೇನೇ ನಂಗೆ ಅದು ಒಗ್ಗಲಿಲ್ಲ." ಇನ್ನೊಂದು ತುತ್ತು ಕಲಸುತ್ತಾ, ಮಾಮೂಲು ಮಾತಿನ ಹಾಗೆ ಸೇರಿಸಿದರು: "ಇಪ್ಪತ್ತೊಂದು ವರ್ಷ ತಿಂದಿದ್ದೀನಿ. ನಿನ್ನ ಚಿಟಿಕೆ ನಂಗೆ ಗೊತ್ತಾಗಲ್ವೇನೆ?"

ಯಶೋಧಾಳ ಕೈಯಲ್ಲಿದ್ದದ್ದು ಹೊಸ ಸೌಟು. ಅತ್ತೆ ಎಲೆಯ ಮೇಲೆ ಬೆರಳಾಡಿಸಿ ಇನ್ನೊಂಚೂರು ಅಂತ ಸನ್ನೆ ಮಾಡಿದರು. ಅವಳು ಬಗ್ಗಿ ಬಡಿಸಿದಳು.

ಪ್ರಭಾಚಂದ್ರ ಮಗಳನ್ನು ಆಶ್ರಮಕ್ಕೆ ಬಿಟ್ಟು ಸೋಮವಾರ ಬಂದ, ಹದಿನಾರನೇ ತಾರೀಕು. ಜಗಲಿಯ ಮೇಲೆ ಕೂತು ಬಹಳ ಹೊತ್ತು ಕಾಲು ತೊಳೆಯಲಿಲ್ಲ. ಆಮೇಲೆ ಹೇಳಿದ: "ಅರಸೀಕೆರೆ ಸ್ಟೇಷನ್ನಲ್ಲಿ ಮೈಸೂರು ಗಾಡಿನೇ ಮೊದಲು ಬಂತು ಕಣೇ. ಎದುರಿಗೇ ನಿಂತಿತ್ತು. ನಾನು ನೀರು ತರೋಕೆ ಅಂತ ಬೇಕಂತಲೇ ಆಚೆ ಹೋದೆ. ಹತ್ತಿದ್ರೆ ಹತ್ಲಿ ಅಂತ. ಬಂದು ನೋಡಿದ್ರೆ ಟ್ರಂಕಿನ ಮೇಲೆ ಹಂಗೇ ಕೂತವಳೆ. ಗಾಡಿ ಹೋಯ್ತು. 'ಯಾಕಮ್ಮಣ್ಣಿ' ಅಂದೆ. 'ನಾನು ಹತ್ತಿದ್ರೆ ಮನೇಲಿ ಇನ್ನೊಬ್ಬರು ಸುಳ್ಳಾಗ್ತಾರೆ ಅಪ್ಪ' ಅಂದ್ಲು. ಏನೇ ಅದರ ಅರ್ಥ?"

ಯಶೋಧಾ ಬಿಂದಿಗೆ ನೀರು ತಂದು ಅವನ ಕಾಲ ಹತ್ತಿರ ಇಟ್ಟಳು. ಒಳಗಿಂದ ಅತ್ತೆ ಕೂಗಿದರು, ಬೆಳಕು ಹೋಗ್ತೈತೆ, ಎಲೆ ಹಾಕು ಅಂತ.

ಕಾಂಚನಮಾಲಾ ಆ ಮನೆ ಬಿಟ್ಟು ಹೋದದ್ದು ಆಷಾಢ ಬಹುಳ ಪಂಚಮಿ, ಶನಿವಾರ, ಬೆಳಗಿನ ಬಸ್ಸಿಗೆ.